ಯೋಹಾನಪ್ಪನ ನಾಲಿಗೆ

ಅಮರಮ್ಮ ಒಡ್ಡಿದ ಕೈಯನ್ನು ದಾಟಿ ರೊಟ್ಟಿಯ ತಟ್ಟೆ ಮುಂದೆ ಹೋಯಿತು.

ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಗಾಗಿ ಮೊಣಕಾಲೂರಿದ್ದವಳ ಮುಖ ಕಪ್ಪಿಟ್ಟಿತು. "ನಾ ಏನ್ ತಪ್ಪು ಮಾಡೀನ್ರೀ?"

ಸಭೆಯ ಹಿರಿಯ ಯೋಹಾನಪ್ಪ ಕಣ್ಣೆತ್ತಲಿಲ್ಲ. ಆ ಬೆಳಿಗ್ಗೆ ಪಾಸ್ಟರಿಗೆ ಅವನೇ ಹೇಳಿದ್ದ: "ನನ್ನ ಮಗಳ ಹೆಸರು ಕೆಡಿಸಿದಾಕಿ ಅಕಿ. ಅಕಿಗೆ ರೊಟ್ಟಿ ಕೊಡಬ್ಯಾಡ್ರಿ."

ಜೀವಮಾನದಲ್ಲಿ ಅವನು ಒಬ್ಬರ ಮೇಲೆ ಆಡಿದ ಮೊದಲ ಕೆಟ್ಟ ಮಾತು ಅದು. ಆಡಿದ ಪ್ರತಿ ಮಾತಿಗೂ ದೇವರ ಮುಂದೆ ಉತ್ತರ ಕೊಡಬೇಕೆಂದು ನಂಬಿದವನು. ರಾಯಚೂರಿನ ಆ ಸಭೆಯಲ್ಲಿ ಸಂಬಂಧ ನೋಡಲು ಬಂದವರು ಮೊದಲು ಅವನ ಸಾಕ್ಷಿ ಕೇಳುವುದು ರೂಢಿ. ಒಳ್ಳೆಯದಿದ್ದರೆ ಮನಸಾರೆ ಹೇಳುತ್ತಿದ್ದ. ಇಲ್ಲವಾದರೆ ತಲೆ ತಗ್ಗಿಸಿ ಕೂರುತ್ತಿದ್ದ. ದೇವದುರ್ಗದಿಂದ ಬಂದು ಸೇರಿದ್ದ ಕುಡುಕನೊಬ್ಬನ ವಿಷಯಕ್ಕೂ ಹಾಗೇ ಕೂತ. ಹೆಣ್ಣಿನವರು ಚಹಾ ಕುಡಿದು ಎದ್ದು ಹೋದರು. ಒಬ್ಬರ ಮಾನ ಕಳೆಯದೆ ಇನ್ನೊಬ್ಬರ ಬಾಳು ಉಳಿಸಿದ ಎಂದು ಸಿರವಾರ, ಮಾನ್ವಿಯ ಸಭೆಗಳವರೆಗೂ ಕೊಂಡಾಡಿದರು.

ಅಂಥವನ ಮಗಳು ಕರುಣಾ. ಅಪ್ಪಟ ಬಂಗಾರ. ಆದರೂ ಬಂದ ಗಂಡಿನವರೆಲ್ಲ ನಗುನಗುತ್ತಾ ನೋಡಿ, ಊರು ಮುಟ್ಟಿದ ಮೇಲೆ ಬೇಡವೆನ್ನುತ್ತಿದ್ದರು. ಕಡೆಗೆ ಮಾನ್ವಿಯ ಕಂಪೌಂಡರ್ ಹುಡುಗನ ಮನೆಯವರೂ ಅಷ್ಟೇ. ಕರುಣಾ ಕನ್ನಡಿ ನೋಡುವುದನ್ನೇ ಬಿಟ್ಟಳು. ಅದನ್ನು ಕಂಡ ಅಪ್ಪ, ಅವಳ ಹೆಸರು ಕೆಡಿಸಿದವರು ಯಾರೆಂದು ಹುಡುಕತೊಡಗಿದ.

ಮಾನ್ವಿಯವರು ಬಂದ ದಿನ ಪಕ್ಕದ ಮನೆಯ ಅಮರಮ್ಮ ಅವರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮೊದಲೇ ಬಾಯಿಗೆ ಬೀಗವಿಲ್ಲದ ಹೆಂಗಸು. ಇನ್ನೇನು ಬೇಕು? ತಾನಾದರೋ ಬಂದವರ ಮುಂದೆ ಮಗಳ ಬಗ್ಗೆ ಜಂಭದ ಒಂದು ಮಾತೂ ಆಡಿರಲಿಲ್ಲ.

ಆದರೂ ಭಾನುವಾರದ ಆ ಖಾಲಿ ಕೈ ಕಣ್ಣ ಮುಂದಿನಿಂದ ಸರಿಯಲಿಲ್ಲ. ಮರುದಿನ ಮಾನ್ವಿಯ ಬಸ್ಸು ಹತ್ತಿದ. ಹುಡುಗನ ತಂದೆ ದೇವದಾನಪ್ಪ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದ.

"ಅಮರಮ್ಮ ಏನಂದ್ಲು? ಮುಚ್ಚಿಡಬ್ಯಾಡ್ರಿ," ಎಂದ ಯೋಹಾನಪ್ಪ.

"ಅಕಿನಾ? ಇಂಥಾ ಹುಡುಗಿ ಹುಡುಕಿದ್ರೂ ಸಿಗಂಗಿಲ್ಲ, ಕಣ್ಣು ಮುಚ್ಚಿ ಮಾಡ್ಕೋರಿ ಅಂತ ಗಂಟು ಬಿದ್ದಿದ್ಲು."

ಯೋಹಾನಪ್ಪ ಚಾಪೆಯ ಮೇಲೆ ಮುಂದಕ್ಕೆ ಸರಿದ. "ಮತ್ತ ಯಾರ ಮಾತು ಕೇಳಿ ಬಿಟ್ರಿ?"

ದೇವದಾನಪ್ಪ ಸಂಕೋಚದಿಂದ ಹೆಗಲ ಟವೆಲು ಸರಿಪಡಿಸಿಕೊಂಡ.

"ಹುಡುಗಿ ಹೆಂಗದಾಳ ಅಂತ ನಿಮ್ಮನ್ನ ಕೇಳಿದ್ವಿ, ಹಿರಿಯಾರ. ನೀವು ತಲಿ ತಗ್ಗಿಸಿ ಕುಂತ್ರಿ."