ಹಿಂದಿನ ಸೀಟಿನ ಬೆಲ್ಟು

ಸಾಮಾನು ಹೊರುವ ಕ್ಯಾರಿಯರ್ ಕೂರಿಸುವ ಮುನ್ನ ಫಿಟ್ಟರ್ ಕಣ್ಣು ಮುಚ್ಚಿಕೊಂಡು ಕಾರಿನ ತಲೆ ಸವರಿದ. ಅದು ಅವನ ಪದ್ಧತಿ. ಬಣ್ಣ ಕಣ್ಣಿಗೆ ಮೋಸ ಮಾಡೀತು, ಅಂಗೈಗೆ ಮಾಡಲಾರದು ಎಂಬುದು ಅವನ ಇಪ್ಪತ್ತು ವರ್ಷದ ವೇದಾಂತ. ಫಳಫಳ ಹೊಳೆಯುವ ಬಿಳಿ ಬಣ್ಣದ ಮೇಲೆ ಕೈ ನಾಲ್ಕು ಕಡೆ ತಡೆದು ನಿಂತಿತು. ನಾಲ್ಕು ತಗ್ಗುಗಳು. ನಾಲ್ಕೂ ಮುಂದಕ್ಕೆ ಜಾರಿದ ಹಾಗೆ ಉದ್ದುದ್ದ.

“ಸರ್, ಇದಕ್ಕೆ ಮೊದಲೂ ಕ್ಯಾರಿಯರ್ ಇತ್ತು.”

“ಒಳ್ಳೆಯದೇ ಆಯ್ತಲ್ಲ, ಜಾಗ ಹುಡುಕೋದು ತಪ್ಪಿತು. ಅಲ್ಲೇ ಕೂರಿಸು,” ಎಂದ ಕಾರಿನ ಯಜಮಾನ. ಸದ್ಯಕ್ಕೆ ಅವನನ್ನು ಅಳಿಯ ಎನ್ನುವುದೇ ಸರಿ. ಒಂಬತ್ತು ದಿನದ ಹಿಂದೆ ಅಗ್ಗಕ್ಕೆ ಸಿಕ್ಕಿದ ಈ ಹಳೇ ಕಾರಿನಲ್ಲಿ ಅವನು ಅತ್ತೆಯನ್ನು ಸಾಮಾನು ಸಮೇತ ತನ್ನ ಮನೆಗೆ ಸಾಗಿಸಲು ಹೊರಟಿದ್ದ. ಸಾಮಾನು ಪಕ್ಕದ ಬೀದಿಯಿಂದ ಕೈಗಾಡಿಯಲ್ಲಿ ಬಂದು ಅಂಗಡಿಯ ಮುಂದೆ ಬಿದ್ದಿತ್ತು: ಕಬ್ಬಿಣದ ಮಂಚ, ಹೊಲಿಗೆ ಯಂತ್ರ, ಎರಡು ಟ್ರಂಕು. ಒಂದು ಟ್ರಂಕಿನ ಮೇಲೆ ಅತ್ತೆ. ಗುಬ್ಬಿಯಂಥ ಹೆಂಗಸು, ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

“ಈ ಕಾರಿನ ತಲೆ ಹೊರೋದು ಎಪ್ಪತ್ತೈದು ಕಿಲೋ ಸರ್, ಕ್ಯಾರಿಯರ್ ತೂಕವೂ ಸೇರಿ. ಇಲ್ಲಿ ಅದರ ಎರಡರಷ್ಟಿದೆ.”

“ಕಂಪನಿಯೋರು ಹೆದರುಪುಕ್ಕಲರು, ಪುಸ್ತಕದಲ್ಲಿ ಅರ್ಧ ಬರೆದಿರ್ತಾರೆ. ಗಟ್ಟಿಯಾಗಿ ಬಿಗಿದರೆ ಅದು ಎಲ್ಲಿಗೆ ಹೋಗುತ್ತೆ?”

“ಬ್ರೇಕ್ ಹಾಕೋ ತನಕ ಎಲ್ಲಿಗೂ ಹೋಗಲ್ಲ.”

ಹೊಸ್ತಿಲ ಮೇಲೆ ಕಾಲಿಟ್ಟು ಹತ್ತಲು ಫಿಟ್ಟರ್ ಹಿಂದಿನ ಎಡಬಾಗಿಲು ತೆಗೆದ. ಸೀಟ್ ಬೆಲ್ಟು ಸೋತ ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಎಳೆದ, ಬರಲಿಲ್ಲ. ಬಿಟ್ಟ; ಒಳಕ್ಕೂ ಹೋಗಲಿಲ್ಲ. ಅವನು ಅದರ ಕೊಂಡಿಯನ್ನು ಒಯ್ದು ಗೂಡಿಗೆ ಸಿಕ್ಕಿಸಿದ. ಬೆಲ್ಟು ಸೀಟಿಗೆ ಒರಗಲಿಲ್ಲ. ಗಾಳಿಯಲ್ಲಿ ಬಾಗಿ, ಹೆಗಲಿರಬೇಕಾದಲ್ಲಿ ಹೆಗಲಿನಷ್ಟು, ಮಡಿಲಿರಬೇಕಾದಲ್ಲಿ ಮಡಿಲಿನಷ್ಟು ಜಾಗ ಬಿಟ್ಟು ನಿಂತಿತು. ಒಳಗೆ ಯಾರೂ ಇರಲಿಲ್ಲ; ಆದರೆ ಇಲ್ಲದವರು ಯಾರು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು.

“ಇದನ್ನ ಮಾರಿದವರು ಏನೂ ಹೇಳಲಿಲ್ವಾ ಸರ್?”

“ಬೆಲ್ಟು ಸ್ವಲ್ಪ ಹಟಮಾರಿ ಅಂದ. ಎಣ್ಣೆ ಬಿಟ್ಟರೆ ಸರಿಹೋಗುತ್ತೆ.”

“ಹಟ ಅಲ್ಲ ಸರ್. ಡಿಕ್ಕಿಯಾದಾಗ ಮನುಷ್ಯನನ್ನ ಒಂದು ಸಲ ಹಿಡಿದು ನಿಲ್ಲಿಸುತ್ತೆ, ಅಲ್ಲಿಗೆ ಅದರ ಆಯುಸ್ಸು ಮುಗೀತು. ಯಾರನ್ನ ಹಿಡಿದಿತ್ತೋ ಅವರ ಅಳತೆಗೇ ನಿಂತುಬಿಡುತ್ತೆ. ಇನ್ನೊಂದು ಸಲ ಯಾರನ್ನೂ ಕಾಯಲ್ಲ.” ಅವನು ಬೆಲ್ಟಿನ ಬಳಸಿನೊಳಗೆ ಗೇಣು ಹಾಕಿ ನೋಡಿ, ಕೊಂಡಿ ಬಿಚ್ಚಿದ. “ಗಿಡ್ಡ ಆಳು. ಹೆಂಗಸಿರಬೇಕು.”

“ಬದುಕಿದಳಾ?” ಟ್ರಂಕಿನ ಮೇಲಿಂದ ಅತ್ತೆ ಕೇಳಿದರು.

“ಬೆಲ್ಟು ಅದನ್ನೆಲ್ಲ ಹೇಳಲ್ಲಮ್ಮ.”

“ಇವರ ಮುಂದೆ ಇದೆಲ್ಲ ಬೇಕಾ?” ಅಳಿಯ ಸಿಡುಕಿದ. “ಸಂಜೆ ಐದಕ್ಕೆ ಇವರ ಬಾಡಿಗೆ ಮನೆಯ ಬೀಗದಕೈ ಒಪ್ಪಿಸಬೇಕು. ಈಗ ಏನು ಮಾಡು ಅಂತೀಯ?”

“ಸಾಮಾನಿಗೆ ಟೆಂಪೋ ಹೇಳಿ. ಬೆಲ್ಟು ಹೊಸದು ಹಾಕೋಕೆ ಎರಡು ದಿನ ಬೇಕು. ಅಲ್ಲಿವರೆಗೆ ಅಮ್ಮನ್ನ ಮುಂದೆ ಕೂರಿಸಿ.”

“ಮುಂದೆ ಟಿವಿ ಇದೆ.”

ಇತ್ತು. ಹಾಸಿಗೆ ಸುತ್ತಿಕೊಂಡು, ಬೆಲ್ಟು ಹಾಕಿಸಿಕೊಂಡು, ಕಾರಿನಲ್ಲಿ ಅತ್ಯಂತ ಸುರಕ್ಷಿತವಾಗಿ ಕೂತಿದ್ದದ್ದು ಅದೊಂದೇ. ಅಳಿಯನ ಸೀಟಿನ ಗೂಡಿಗೆ ಬೆಲ್ಟಿಲ್ಲದ ಬರೀ ಕೊಂಡಿಯೊಂದು ಸಿಕ್ಕಿಕೊಂಡಿತ್ತು, ಪೀಂ ಪೀಂ ಎನ್ನುವ ಎಚ್ಚರಿಕೆಯ ಬಾಯಿ ಮುಚ್ಚಿಸುವುದಕ್ಕೆ. ಅಂಥ ಕೊಂಡಿಗಳನ್ನು ಫಿಟ್ಟರ್ ತಾನೇ ದಿನಕ್ಕೆ ನಾಲ್ಕಾರು ಮಾರುತ್ತಿದ್ದ; ಅದಕ್ಕೇ ಆ ಬಗ್ಗೆ ಸೊಲ್ಲೆತ್ತಲಿಲ್ಲ.

“ಟಿವಿಗೇನು ಮೂಳೆ ಮುರಿಯುತ್ತಾ ಸರ್?”

“ನಲವತ್ತಮೂರು ಇಂಚಯ್ಯಾ ಅದು! ಹೋಗಲಿ, ನಿಧಾನಕ್ಕೆ ಓಡಿಸ್ತೀನಿ ಬಿಡು.”

“ಮೊದಲಿನವರೂ ಹಾಗೇ ಅಂದುಕೊಂಡು ಹೊರಟಿರ್ತಾರೆ.”

ಕಾರಿನೊಳಗಿಂದ ಟಕ್ ಎಂಬ ಸದ್ದು ಬಂತು.

ಇಬ್ಬರೂ ತಿರುಗಿದರು. ಟ್ರಂಕಿನ ಮೇಲೆ ಯಾರೂ ಇರಲಿಲ್ಲ. ಅತ್ತೆ ಹಿಂದಿನ ಎಡಸೀಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಜಗ್ಗಿದರೂ ಬಾರದ, ಬಿಟ್ಟರೂ ಹೋಗದ ಆ ಬೆಲ್ಟು ಅವರ ಹೆಗಲ ಮೇಲಿಂದ ಇಳಿದು ಎದೆ ಹಾದು ಸೊಂಟ ಬಳಸಿ, ಬೆರಳು ತೂರಿಸಲೂ ಸಂದಿಲ್ಲದಂತೆ ಕೂತಿತ್ತು. ಹೆಚ್ಚಿಲ್ಲ, ಕಮ್ಮಿಯಿಲ್ಲ. ಡಿಕ್ಕಿಯಲ್ಲಿ ಮೊದಲಿನವಳ ಹೆಗಲ ಮೂಳೆ ಒತ್ತಿ ಪಟ್ಟಿಯ ಮೇಲೊಂದು ಹೊಳೆಯುವ ಗುರುತು ಬಿದ್ದಿತ್ತು. ಅದು ಈಗ ಅತ್ತೆಯ ಹೆಗಲ ಮೂಳೆಯ ಮೇಲೇ ಇತ್ತು.

ಅಳಿಯ ಮುಂದಿನ ಬಾಗಿಲು ತೆಗೆದು ಟಿವಿಯ ಬೆಲ್ಟು ಬಿಚ್ಚತೊಡಗಿದ.

“ಅಮ್ಮಾ, ಇಳೀರಿ,” ಫಿಟ್ಟರ್ ಬಗ್ಗಿ ಬೆಲ್ಟಿನ ಕೆಂಪು ಗುಂಡಿಗೆ ಕೈ ಚಾಚಿದ. “ಮುಂದೆ ಜಾಗ ಆಗ್ತಿದೆ. ಅಲ್ಲಿ ಬೆಲ್ಟು ಚೆನ್ನಾಗಿದೆ.”

ಅತ್ತೆ ಎರಡೂ ಅಂಗೈಯಿಂದ ಗುಂಡಿ ಮುಚ್ಚಿಕೊಂಡರು.

“ಬಿಚ್ಚಬೇಡಪ್ಪ. ನಮ್ಮ ಯಜಮಾನರು ಹೋದ ಮೇಲೆ ನನ್ನನ್ನ ಇಷ್ಟು ಗಟ್ಟಿಯಾಗಿ ಯಾರೂ ಹಿಡಿದುಕೊಂಡಿರಲಿಲ್ಲ.”