ಜಿಗಿದವನ ಹೆಂಡತಿ

ಪಡಸಾಲೆಯ ಮಣೆಯ ಮೇಲೆ ಒಂದು ಭಾವಚಿತ್ರ. ಯುದ್ಧವಿಮಾನದ ಮೂತಿಗೆ ಒರಗಿ ನಿಂತ ಯುವಕ. ಕಂಕುಳಲ್ಲಿ ಶಿರಸ್ತ್ರಾಣ, ಬಿಸಿಲಿಗೆ ಕಿರಿದಾದ ಕಣ್ಣು, ಯಾವುದೋ ಗಾಳಿಗೆ ಎದ್ದು ಹಾಗೆಯೇ ನಿಂತುಬಿಟ್ಟ ಒಂದು ಎಳೆ ಕೂದಲು. ಚಿತ್ರದ ಮುಂದೆ ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ಸುರುಳಿ ಸುತ್ತಿದ ಚೆಂಡುಹೂವಿನ ಮಾಲೆ. ಅದನ್ನಿನ್ನೂ ಯಾರೂ ಹಾಕಿರಲಿಲ್ಲ.

ಹಾಕಗೊಡದವಳು ಸುಮಿತ್ರಾಬಾಯಿ. ಗಂಡ ಶಿವಪುತ್ರನ ವಿಮಾನ ಗಡಿಯಾಚೆ ಉರಿದು ಬಿತ್ತೆಂದು, ಅವನ ಪತ್ತೆಯಿಲ್ಲವೆಂದು ಯುದ್ಧದ ಆ ಡಿಸೆಂಬರಿನಲ್ಲಿ ತಂತಿ ಬಂದಿತ್ತು. ಬಸವನ ಬಾಗೇವಾಡಿಯ ಹಿರಿಯರು ಊರ ಚಾವಡಿಯಲ್ಲಿ ಸಂತಾಪಸಭೆಗೆ ನೆರೆದು, ಮಾವ ಗುರುಲಿಂಗಪ್ಪನವರ ದಾರಿ ಕಾಯುತ್ತಿದ್ದರು. ಸೊಸೆಯಾದರೋ ಬಳೆಗಾರ್ತಿ ರಮಜಾನಬಿಯನ್ನು ಕರೆಸಿ, ಎರಡೂ ಕೈ ಚಾಚಿ ಕುಳಿತಿದ್ದಳು.

ರಮಜಾನಬಿ ಬುಟ್ಟಿಯ ಗಂಟಿಗೆ ಕೈ ಹಚ್ಚಿರಲಿಲ್ಲ. ಸಾವಿನ ಮನೆಯಲ್ಲಿ ಬಳೆ ತೊಡಿಸುವ ಪದ್ಧತಿಯಿಲ್ಲ. ಬಳೆಗಾರ್ತಿ ಬುಟ್ಟಿ ಬಿಚ್ಚಿದಳೆಂದರೆ ಆ ಮನೆಯಲ್ಲಿ ಸಾವಾಗಿಲ್ಲವೆಂದು ಊರಿಗೇ ಸಾರಿದಂತೆ.

“ಏನವಾ, ತಲಿ ಕೆಟ್ಟೈತೇನು ನಿನಗ?” ಗುರುಲಿಂಗಪ್ಪ ಗದರಿದರು. “ವಿಮಾನ ಸುಟ್ಟು ಬೂದಿ ಆಗೇತಿ.”

“ವಿಮಾನ ಸುಟ್ಟಿರಬೇಕ್ರಿ ಮಾವಾರ. ಅವರು ಸುಟ್ಟಿಲ್ಲ. ಹಿಡಿಕಿ ಒಂದು ಎಳದ್ರ ಸಾಕು, ಕುರ್ಚಿ ತಾನ ಅವರನ್ನ ಹೊರಗ ಒಗೀತೈತಿ. ಎಚ್ಚರ ತಪ್ಪಿದ್ರೂ ಪಟ್ಟಾ ತಾನ ಬಿಚ್ಚತೈತಿ, ಛತ್ರಿ ತಾನ ಅರಳತೈತಿ. ರಜಾದ ಮ್ಯಾಲೆ ಊರಿಗೆ ಬಂದಾಗ ಅವರ ಹೇಳ್ಯಾರ.”

“ಮತ್ತ ಹಿಡಿಕಿ?” ಮುದುಕರು ತಡೆದು ಕೇಳಿದರು. “ಅದೂ ತಾನ ಎಳಕೊಳ್ತೈತೇನು?”

“ಇಲ್ರಿ. ಅದನ್ನ ಅವರ ಎಳೀಬೇಕು.”

“ಎಳದಿರೂದಿಲ್ಲ. ಸರ್ಕಾರದ ವಿಮಾನ ಬಿಟ್ಟು, ಜೀವಾ ಕೈಯಾಗ ಹಿಡಕೊಂಡು ಜಿಗಿಯೂ ಹೇಡಿ ಅಲ್ಲ ನನ್ನ ಮಗಾ!”

ಮಾವನಿಗೆ ಬೇಕಾದದ್ದು ಕಲ್ಲಿನಲ್ಲಿ ಕೊರೆಸಬಹುದಾದ ಮಗನೆಂದು ಸುಮಿತ್ರಾಬಾಯಿಗೆ ಆಗ ಹೊಳೆಯಿತು. ತನಗೆ ಬೇಕಾದದ್ದು ಕುಂಟುತ್ತಲಾದರೂ ಹೊಸ್ತಿಲು ದಾಟಿ ಬರುವ ಗಂಡ.

“ಜಿಗೀರಿ ಅಂತ ನಾನ ಹೇಳೇನ್ರಿ,” ಎಂದಳು. “ಕೊಳ್ಳಾಗಿನ ಲಿಂಗ ಮುಟ್ಟಿಸಿ ಆಣಿ ಮಾಡಿಸ್ಕೊಂಡೇನಿ. ವಿಮಾನ ಹೋದ್ರ ಸರ್ಕಾರ ಇನ್ನೊಂದು ತರತೈತಿ. ನನಗ ಯಾರು ತಂದು ಕೊಡ್ತಾರ?”

ಗುರುಲಿಂಗಪ್ಪನವರ ಬಾಯಿಂದ ಮಾತು ಹೊರಡುವ ಮೊದಲೇ ರಮಜಾನಬಿ ಗಂಟಲು ಸರಿಪಡಿಸಿಕೊಂಡಳು.

“ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ನಿಮ್ಮ ಮಗಾ ಸಣ್ಣಾವಿದ್ದಾಗ ಇದ ಬುಟ್ಟ್ಯಾಗಿನ ಬಳಿ ತುಳದು ಒಡದಿದ್ದ. ಹಿಡೀಬೇಕಂದ್ರ ಈ ಹಿತ್ತಲ ಗ್ವಾಡಿ ಜಿಗದು ಓಡಿದ್ದ. ಜಿಗಿಯೂದು ಅವಗ ಯಾರೂ ಕಲಸಬೇಕಾಗಿಲ್ಲ.”

ಹೇಳುತ್ತಲೇ ಅವಳು ಗಂಟು ಬಿಚ್ಚಿದಳು. ಸುಮಿತ್ರಾಬಾಯಿಯ ಬೆರಳುಗಳನ್ನು ಒಟ್ಟು ಹಿಡಿದು ಒತ್ತಿ, ಮೊದಲ ಹಸಿರು ಬಳೆಯನ್ನು ಗಿಣ್ಣುಗಳ ಮೇಲಿಂದ ಜಾರಿಸಿದಳು. ನೋವಿಗೆ ಕಣ್ಣು ಒದ್ದೆಯಾದರೂ ಸೊಸೆ ಕೈ ಹಿಂದೆಳೆಯಲಿಲ್ಲ.

ಗುರುಲಿಂಗಪ್ಪ ಕೋಟು ತೊಟ್ಟರು, ರುಮಾಲು ಸುತ್ತಿದರು. ಬಾಗಿಲಲ್ಲಿ ನಿಂತರು, ತಿರುಗಿ ನೋಡಲಿಲ್ಲ.

“ಮಂದಿ ಕುಂತೈತಿ ಅಲ್ಲೆ. ಏನಂತ ಹೇಳ್ಲಿ ನಾ?”

“ಜಿಗದಾರ ಅಂತ ಹೇಳ್ರಿ, ಮಾವಾರ. ನಾಚಿಕಿ ಆದ್ರ, ನನ್ನ ಹೆಸರ ಹೇಳ್ರಿ.”

ಅವರು ಹೊರಗೆ ಕಾಲಿಟ್ಟರು. ಬೆನ್ನ ಹಿಂದೆ ಬಾಗಿಲು ಮುಚ್ಚಿತು.