ಮೆತ್ತನೆಯ ಮುಳ್ಳು

“ಈ ಸೊರಗಿದ ಬಣ್ಣದ್ದು ನನಗ ಬ್ಯಾಡ. ಆ ಕೆಂಪಂದು ಕೊಡ್ರಿ,” ಎಂದು ಚಂದ್ರವ್ವ ಮೇಲಿನ ಚಿತ್ರ ನೋಡಿ ಮೀನಿನ ಡಬ್ಬಿಯನ್ನು ಯಾಕೂಬಸಾಬರ ಕಡೆಗೇ ತಳ್ಳಿದಳು.

ಬಾದಾಮಿಯ ಗುಹೆ ನೋಡಲು ಬರುವ ಫಾರಿನ್ನಿನವರಿಗೆಂದು ಯಾಕೂಬಸಾಬರು ತಮ್ಮ ಅಂಗಡಿಯಲ್ಲಿ ಸಾಲ್ಮನ್ ಎಂಬ ಮೀನಿನ ಡಬ್ಬಿ ಇಡುತ್ತಿದ್ದರು. ಗುಳೇದಗುಡ್ಡದಿಂದ ಕುಪ್ಪಸದ ಖಣ ನೇಯುವ ಮನೆಯ ಹೆಂಗಸೊಬ್ಬಳು ಬಸ್ಸು ಹತ್ತಿ ಅದನ್ನು ಕೇಳಿಕೊಂಡು ಬಂದದ್ದು ಇದೇ ಮೊದಲು. ಚಂದ್ರವ್ವನಿಗೆ ಬೇರೆ ದಾರಿ ಇರಲಿಲ್ಲ. ಗಂಡ ಹುಚ್ಚೇಶ ಯುಗಾದಿಯ ಹೊತ್ತಿಗೆ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ದೀಪಾವಳಿ ಹತ್ತಿರ ಬಂದರೂ ಎಲುಬು ಸರಿಯಾಗಿ ಕೂಡಿರಲಿಲ್ಲ. ಹಾಲು ಕುಡಿಸು, ಇಲ್ಲವೇ ಮೀನನ್ನು ಮುಳ್ಳಿನ ಸಮೇತ ತಿನ್ನಿಸು ಎಂದು ದವಾಖಾನೆಯಲ್ಲಿ ಹೇಳಿದ್ದರು. ಹಾಲು ಕುಡಿದರೆ ಅವನಿಗೆ ಹೊಟ್ಟೆ ಉಬ್ಬರ. ಮೀನು ಅಂದರೆ, ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಊಟದಲ್ಲೇ ಗಂಟಲಿಗೆ ಮುಳ್ಳು ಸಿಕ್ಕಿಸಿಕೊಂಡ ಶೂರ; ಅಂದಿನಿಂದ ಮೀನಿನ ಹೆಸರೆತ್ತಿದರೆ ಗಂಟಲು ಹಿಡಿದುಕೊಳ್ಳುತ್ತಿದ್ದ. ಈಗಂತೂ ಯಾವ ಊಟವೂ ಸೇರದು. “ಕಾಲು ತುಳಿಯಂಗಿಲ್ಲ ಅಂದ ಮ್ಯಾಲೆ ಮಗ್ಗ ಯಾಕ?” ಎಂದು ಅದನ್ನು ಮಾರಲು, ಹಳೆ ಮಗ್ಗ ಕೊಳ್ಳುವ ಕಾಶಪ್ಪನಿಗೆ ಮಾತೂ ಕೊಟ್ಟುಬಿಟ್ಟಿದ್ದ. ಕಾಶಪ್ಪ ಬಂಡಿ ತರುವುದು ಇವತ್ತು ಸಂಜೆಗೇ.

“ಏ ತಂಗಿ, ಅಗ್ಗದ್ದು ಒಯ್ಯಿ ಅಂತ ನಾನೇ ಹೇಳಾಕತ್ತೇನಿ. ತಾಕತ್ತಿನಾಗ ಎರಡೂ ಒಂದೇ.”

“ವ್ಯಾಪಾರಿ ತಾನಾಗೇ ಅಗ್ಗದ್ದು ಕೈಗೆ ಕೊಟ್ಟಾನಂದ್ರ ಅದು ಹೋಗಲಾರದ ಮಾಲು. ನಾವೂ ಖಣ ಮಾರಾವ್ರು, ನಮಗ ಕಲಿಸ್ತೀರೇನು? ಬಣ್ಣ ಗಾಢ ಇದ್ರ ಮಾಲು ಗಟ್ಟಿ.”

“ಇದು ಖಣ ಅಲ್ಲ ತಂಗಿ, ಮೀನು,” ಎಂದು ಯಾಕೂಬಸಾಬರು ನಕ್ಕರು. ಕುವೈತಿನ ಹೋಟೆಲ್ಲಿನಲ್ಲಿ ಅಡುಗೆ ಮಾಡಿ ಬಂದ ಮನುಷ್ಯ. “ಆ ಕೆಂಪಂದರಾಗ ಮುಳ್ಳು ತಗದಾರ, ಅದಕ್ಕ ಮತ್ತಷ್ಟು ತುಟ್ಟಿ. ಡಾಕ್ಟರು ಮುಳ್ಳು ತಿನ್ನಸು ಅಂದಾರ ಅಂತಿ, ನೀ ಹೆಚ್ಚಿಗಿ ರೊಕ್ಕ ಕೊಟ್ಟು ಮುಳ್ಳಿಲ್ಲದ್ದು ಒಯ್ಯಾಕಿ. ಇದೆಂಥಾ ಶಾಣ್ಯಾತನ?”

“ಮುಳ್ಳಿದ್ರ ನಮ್ಮನಿಯವರು ಬಾಯಾಗ ಇಡಂಗಿಲ್ರಿ.”

“ಡಬ್ಬಿಯೊಳಗ ಬೆಂದು ಬೆಂದು ಆ ಮುಳ್ಳು ಬೆಣ್ಣಿ ಆಗಿರ್ತೈತಿ. ಹಲ್ಲಿಲ್ಲದ ಮುದುಕರೂ ತಿಂತಾರ.”

ಹೇಳಿದ್ದನ್ನು ನಂಬಿಕೊಂಡು ಹೋಗುವ ಪೈಕಿ ಅಲ್ಲ ಚಂದ್ರವ್ವ. ಡಬ್ಬಿಯ ಮೇಲಿನ ತಾರೀಖು ಓದಿಸಿದಳು. ಎರಡು ಸಾವಿರದ ಆರನೇ ಇಸವಿಯ ತನಕ, ಇನ್ನೂ ಎರಡು ವರ್ಷ ನಡೆಯುತ್ತದೆ ಎಂದ ಮೇಲೂ ಮುಖದ ಗಂಟು ಬಿಡಲಿಲ್ಲ. ಯಾಕೂಬಸಾಬರಿಗೆ ರೇಗಿಹೋಯಿತು. ಚಾಕು ತೆಗೆದುಕೊಂಡು ಡಬ್ಬಿಯನ್ನು ಕೊಯ್ದೇ ಬಿಟ್ಟರು. “ತಗೋ, ಕಣ್ಣಾರೆ ನೋಡು.”

ಚಂದ್ರವ್ವ ಕಣ್ಣಾರೆ ನೋಡಿ ಸುಮ್ಮನಾಗಲಿಲ್ಲ. ಚೀಲದೊಳಗಿಂದ ಬಿಳಿ ಅರಿವೆಯ ಚೂರೊಂದನ್ನು ತೆಗೆದು, ನೀರಿನಲ್ಲಿ ತೋಯಿಸಿ, ಬಣ್ಣದ ನೂಲು ಕೊಳ್ಳುವಾಗ ಉಜ್ಜಿ ನೋಡುವ ಹಾಗೆ ಮೀನನ್ನು ತಿಕ್ಕಿ ತಿಕ್ಕಿ ನೋಡಿದಳು. ಯಾಕೂಬಸಾಬರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅರಿವೆಗೆ ಜಿಡ್ಡು ಹತ್ತಿತೇ ಹೊರತು ಬಣ್ಣ ಹತ್ತಲಿಲ್ಲ.

“ಬಣ್ಣ ಬಿಡವಲ್ದು. ಸೊರಗಿದ್ರೂ ಪಕ್ಕಾ ಐತಿ,” ಎಂದಳು. ಆಮೇಲೆ ಬೆರಳ ತುದಿಯಿಂದ ಒಂದು ಮುಳ್ಳು ಎತ್ತಿ ಒತ್ತಿದಳು. ಅದು ಹಿಟ್ಟಾಯಿತು. ಚಂದ್ರವ್ವನ ದನಿ ಒಮ್ಮೆಲೇ ಮೆತ್ತಗಾಯಿತು. “ಇದನ್ನೇ ಕಟ್ಟಿಕೊಡ್ರಿ ಅಣ್ಣಾರ.”

“ಮೊದಲೇ ಒಯ್ದಿದ್ರ ನನ್ನ ಅಂಗಡಿ ನಾತ ಹಿಡೀತಿರಲಿಲ್ಲ,” ಎನ್ನುತ್ತಲೇ ಅವರು ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಟ್ಟರು. ಆದರೂ ಬಸ್ಸಿನಲ್ಲಿ ಪಕ್ಕದವಳು ಮೂಗಿಗೆ ಸೆರಗು ಹಿಡಿದಳು. ಚಂದ್ರವ್ವ ಕಿಟಕಿಯ ಕಡೆ ಮುಖ ಮಾಡಿ, ಯಾರ ಚೀಲವೋ ಎಂಬಂತೆ ಕುಳಿತಳು.

ಮನೆಗೆ ಬಂದು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಹುರಿದು, ಬಿಸಿ ರೊಟ್ಟಿಯೊಂದಿಗೆ ಗಂಡನ ಮುಂದಿಟ್ಟಳು. ಹುಚ್ಚೇಶ ಮೂಸಿದ. “ಮೀನೇನ?”

“ಮೀನ್ರಿ. ಸುಳ್ಳು ಯಾಕ ಹೇಳ್ಲಿ?”

ಒಗ್ಗರಣೆಯ ವಾಸನೆಗೆ ಸೋತು ಅವನು ಒಂದು ತುತ್ತು ತಿಂದ. ಇನ್ನೊಂದು ತಿಂದ. ಮೂರನೆಯದಕ್ಕೆ ಕೈ ನಿಂತಿತು. ರೊಟ್ಟಿಯ ಚೂರಿನ ಮೇಲೆ ಬಿಳಿ ಮುಳ್ಳೊಂದು ಕಾಣುತ್ತಿತ್ತು. ಇನ್ನು ತಾಟು ತಳ್ಳಿದನೆಂದರೆ ಮಗ್ಗವೂ ಹೋಯಿತು, ಕಾಲೂ ಹೋಯಿತು ಎಂದು ಚಂದ್ರವ್ವನಿಗೆ ಅಳುವೇ ಬಂತು.

ಅವನು ತಾಟು ತಳ್ಳಲಿಲ್ಲ. ಮುಳ್ಳನ್ನು ಎರಡು ಬೆರಳಲ್ಲಿ ಹಿಡಿದು ಹೊಸಕಿದ. ಅದು ಪುಡಿಯಾಯಿತು. ಅವನ ಮುಖ ಇಳಿಯಿತು. “ಇಷ್ಟು ಮೆತ್ತಗಿಂದು ನನ್ನ ಎಲುಬು ಏನು ಗಟ್ಟಿ ಮಾಡ್ತೈತಿ, ಚಂದ್ರಿ?”

“ನೂಲಿಗೆ ಹಾಕೋ ಗಂಜಿ ಗಟ್ಟಿ ಇರ್ತೈತೇನ್ರಿ?” ಎಂದಳು ಚಂದ್ರವ್ವ. “ಅದನ್ನ ಕುಡಿದ ನೂಲು ಮಗ್ಗದ ಹೊಡೆತ ತಾಳಂಗಿಲ್ಲೇನು?”

ಎಷ್ಟು ಸಾವಿರ ಎಳೆಗೆ ಹುಚ್ಚೇಶನೇ ಗಂಜಿ ಕುಡಿಸಿದ್ದನೋ. ಬೆರಳಿಗಂಟಿದ ಪುಡಿಯನ್ನು ನೋಡಿದ, ನೆಕ್ಕಿದ, ರೊಟ್ಟಿ ಮುರಿದು ತಾಟು ಬರಿದಾಗುವ ತನಕ ತಿಂದ.

ಹೊರಗೆ ಬಂಡಿ ನಿಂತ ಸಪ್ಪಳವಾಯಿತು. “ಹುಚ್ಚೇಶಾ, ಮಗ್ಗ ಬಿಚ್ಚೂಣೇನು?” ಕಾಶಪ್ಪ ಬಾಗಿಲಿನಿಂದಲೇ ಕೂಗಿದ.

ಹುಚ್ಚೇಶ ಖಾಲಿ ತಾಟನ್ನು ಇನ್ನಷ್ಟು ಬಡಿಸೆಂದು ಹೆಂಡತಿಯ ಮುಂದೆ ಚಾಚಿ ಹೇಳಿದ: “ಬಂಡಿ ಹೊಳ್ಳಿಸ್ಕೊಂಡು ಹೋಗು, ಕಾಶಪ್ಪ. ನಾ ಉಣ್ಣಾಕತ್ತೇನಿ.”